ಬರದ ನಾಡಿನ ಹಾಲುಕುರಿ: ಸಿರಿಯಾ ದೇಶದ ಚರಿತ್ರೆ, ನಮಗೊಂದು ಪಾಠ



ನಮ್ಮ ಸಂಘ ಇಪ್ಪತ್ತೈದು ವರ್ಷ ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನೀನೂ ಏನಾದರೂ ಬರಿ ಅಂತ ಅಧ್ಯಕ್ಷರು ಹೇಳಿದರು. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಆದರೆ ಕುರಿ ಜೊತೆ ಹುಟ್ಟಿ ಬೆಳೆದವನು. ಆದ್ದರಿಂದ ನಮಗಿಂತ ಹೆಚ್ಚು ಬರ ಕಂಡ ಒಂದು ನಾಡಿನ ಕುರಿಗಾರರು ಹೇಗೆ ಮೇಲೆ ಬಂದರು, ಎಲ್ಲಿ ಎಡವಿದರು ಎಂಬುದನ್ನು, ಓದಿ ತಿಳಿದಷ್ಟು, ನಿಮ್ಮ ಮುಂದೆ ಇಡುತ್ತೇನೆ.

ಆ ನಾಡು ಸಿರಿಯಾ. ಅಲ್ಲಿ ಬಾದಿಯಾ ಎಂಬ ದೊಡ್ಡ ಬಯಲಿದೆ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಇಲ್ಲ. ನಮ್ಮ ಚಳ್ಳಕೆರೆ ಸೀಮೆಯ ಅರ್ಧವೂ ಆಗಲಿಲ್ಲ. ಅಲ್ಲಿನ ಕುರಿಗೆ ಅವಾಸಿ ಅಂತ ಹೆಸರು. ಮೈ ಬಿಳಿ, ಮುಖ ಕಂದು, ಬಾಲ ಅಗಲ. ಮೇವಿದ್ದಾಗ ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಂಡು ಬರಗಾಲದಲ್ಲಿ ಕರಗಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಮರಿ ಹಾಕುತ್ತದೆ. ಮರಿ ಬಿಡಿಸಿದ ಮೇಲೆ ಬೇಸಿಗೆ ತನಕ ಹಾಲು ಕರೆಯುತ್ತಾರೆ. ಆ ಹಾಲಿನಲ್ಲಿ ಕೊಬ್ಬು ಶೇಕಡಾ 6-7 ಇರುವುದರಿಂದ ಮೊಸರು, ತುಪ್ಪ, ಗಿಣ್ಣದ ಗಟ್ಟಿಯಂಥ ಚೀಸ್ ಚೆನ್ನಾಗಿ ಆಗುತ್ತವೆ.

ಆದರೆ ಹಾಲಿನ ದುಡ್ಡು ಕುರಿಗಾರನ ಕೈಗೆ ಪೂರ್ತಿ ಬರುತ್ತಿರಲಿಲ್ಲ. ಚೀಸ್ ಮಾಡುವ ವ್ಯಾಪಾರಿ ಚಳಿಗಾಲದಲ್ಲೇ ಮೇವಿಗೆ ಮುಂಗಡ ಕೊಟ್ಟು, ಹಾಲಿನ ಕಾಲದಲ್ಲಿ ಕಡಿಮೆ ದರಕ್ಕೆ ಹಾಲು ಅಳೆಸಿಕೊಳ್ಳುತ್ತಿದ್ದ. ಸಾಹುಕಾರ ಸಾಲ ಕೊಟ್ಟು ಕಣದಲ್ಲೇ ಶೇಂಗಾ ಅಳೆಸಿಕೊಳ್ಳುತ್ತಿದ್ದುದನ್ನು ನಮ್ಮ ಹಿರಿಯರು ಮರೆತಿಲ್ಲ. ಎರಡೂ ಒಂದೇ.

1958ರಿಂದ 1961ರವರೆಗೆ ಸಿರಿಯಾದಲ್ಲಿ ಭಾರಿ ಬರ ಬಿತ್ತು. ಹತ್ತಿರ ಹತ್ತಿರ ಅರ್ಧದಷ್ಟು ಕುರಿ ಸತ್ತವು. ಅದಾದ ಮೇಲೆ 1960ರ ದಶಕದ ಕೊನೆಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞ ಒಮರ್ ದ್ರಾಜ್ ಎಂಬುವರು ಅರಬರ ಒಂದು ಹಳೇ ಪದ್ಧತಿಯನ್ನು ಮತ್ತೆ ಎಬ್ಬಿಸಿದರು. ಅದಕ್ಕೆ ಹಿಮಾ ಎನ್ನುತ್ತಾರೆ. ಅಂದರೆ ಮೇವಿನ ಬಯಲನ್ನು ಕಟ್ಟುಪಾಡು ಮಾಡಿ ಕಾಯ್ದಿಡುವುದು. ನಮ್ಮ ಅಮೃತಮಹಲ್ ಕಾವಲು ಇದ್ದ ಹಾಗೆ. ಈ ಹಿಮಾಗಳನ್ನು ಕುರಿಗಾರರ ಸಹಕಾರ ಸಂಘಗಳಿಗೆ ವಹಿಸಿದರು. ಜೊತೆಗೆ ಬರಗಾಲಕ್ಕೆ ಮೇವಿನ ಗೋದಾಮು, ಮೇವಿಗೆ ಸಾಲ, ಮರಿ ಕೊಬ್ಬಿಸುವ ಸಂಘಗಳು ಬಂದವು. 1977ರಲ್ಲಿ ಒಣಭೂಮಿಯ ಅಂತಾರಾಷ್ಟ್ರೀಯ ಸಂಶೋಧನಾ ಕೇಂದ್ರವಾದ ಇಕಾರ್ಡಾ ಅಲೆಪ್ಪೊ ಹತ್ತಿರ ನೆಲೆಸಿತು. ಬಾರ್ಲಿ ಹುಲ್ಲಿಗೆ ಯೂರಿಯಾ ಉಪಚಾರ, ಕಾಳಿನ ಜಾತಿಯ ಮೇವಿನ ಬೆಳೆ, ಶುದ್ಧವಾಗಿ ಹಾಲು ಕಾಯಿಸಿ ಒಳ್ಳೇ ಹೆಪ್ಪು ಹಾಕುವ ಕ್ರಮ, ಇಂಥ ಸಣ್ಣ ಸುಧಾರಣೆಗಳನ್ನೇ ಅಲ್ಲಿ ತಿದ್ದಿ ತೀಡಿದರು.

ಹಾಗಾದರೆ ಒಳ್ಳೇ ತಳಿ ತಂದರೆ ಸಾಲದೇ ಅಂತ ಕೇಳಬಹುದು. ಇದೇ ಅವಾಸಿ ಕುರಿಯನ್ನು ಇಸ್ರೇಲಿನಲ್ಲಿ 1930ರ ದಶಕದ ಕೊನೆಯಿಂದ ಪ್ರತಿ ಕುರಿಯ ಹಾಲು ಅಳೆದು, ಪುಸ್ತಕದಲ್ಲಿ ಬರೆದು, ಹೆಚ್ಚು ಹಾಲಿನ ತಾಯಿಯ ಟಗರನ್ನೇ ಬಿಡುತ್ತಾ ಬಂದರು. ಒಂದು ಸೂಲಿಗೆ 300 ಕಿಲೋ ಇದ್ದದ್ದು 500 ದಾಟಿತು. ಆದರೆ ಆ ಕುರಿಗಳಿಗೆ ದೊಡ್ಡಿಯಲ್ಲೇ ಹೊಟ್ಟೆ ತುಂಬ ಮೇವು, ಕಾಳು. ಬರೀ ಬಯಲು ನಂಬಿದವನಿಗೆ ಅಷ್ಟು ಹಾಲು ಎಲ್ಲಿಂದ ಬರಬೇಕು? ನಮ್ಮ ಪಕ್ಕದ ಮಹಾರಾಷ್ಟ್ರದ ಫಲ್ಟಣದಲ್ಲಿ ನಿಂಬಕರ್ ಸಂಸ್ಥೆಯವರು ಬಂಗಾಳದ ಗರೋಲ್ ಕುರಿಯ ಅವಳಿ ಹಾಕುವ ಗುಣವನ್ನು ನಮ್ಮ ಡೆಕ್ಕನಿ ಕುರಿಗೆ ತಂದು ‘ನಾರಿ ಸುವರ್ಣ’ ಮಾಡಿದ್ದಾರೆ. ಬಹಳ ಒಳ್ಳೇದು. ಆದರೆ ಎರಡು ಮರಿ ಹಾಕಿದ ತಾಯಿಗೆ ಎರಡು ಮರಿಯ ಹಾಲು ಬೇಕು, ಹಾಲಿಗೆ ಮೇವು ಬೇಕು.

ಸಿರಿಯಾದವರು ಎಡವಿದ್ದೂ ಇಲ್ಲೇ. ಬರಬರುತ್ತಾ ಎಷ್ಟೋ ಕಡೆ ಸಂಘ ಅಂದರೆ ಸರ್ಕಾರದ ಅಗ್ಗದ ಮೇವು ಸಿಗುವ ಬಾಗಿಲು ಅಂತಷ್ಟೇ ಆಯಿತು. ಕುರಿ ಹೆಚ್ಚಿದವು, ಬಯಲನ್ನು ಉತ್ತು ಬಾರ್ಲಿ ಬಿತ್ತಿದರು, ಹುಲ್ಲು ಹೋಯಿತು. 1995ರಲ್ಲಿ ಬಾದಿಯಾ ಉಳುವುದನ್ನು ಸರ್ಕಾರ ನಿಷೇಧಿಸಿತು. 2006ರ ನಂತರದ ಬರದಲ್ಲಿ ಸಾವಿರಾರು ಕುಟುಂಬಗಳು ಕುರಿ ಕಳೆದುಕೊಂಡು ಪಟ್ಟಣ ಸೇರಿದವು. 2011ರಿಂದ ಯುದ್ಧ ಬೇರೆ. ಇಕಾರ್ಡಾದವರೂ 2012ರಲ್ಲಿ ಅಲೆಪ್ಪೊ ಬಿಡಬೇಕಾಯಿತು.

ಇದನ್ನು ಓದುವಾಗ ನನಗೆ 2003ರ ಬೇಸಿಗೆ ಕಣ್ಣ ಮುಂದೆ ಬಂತು. ಮೇವಿಲ್ಲದೆ ನಮ್ಮಪ್ಪ ನಲವತ್ತು ಕುರಿಗಳನ್ನು ಸಂತೆಯಲ್ಲಿ ಕೇಳಿದಷ್ಟಕ್ಕೆ ಕೊಟ್ಟು ಬಂದರು. ಗಬ್ಬದ ಕುರಿಗಳೂ ಹೋದವು. ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ. ಆಗ ನಮ್ಮ ಸಂಘದಲ್ಲಿ ಸಾಲಕ್ಕೆ ಪುಸ್ತಕವಿತ್ತು, ಮೇವಿಗೆ ಗೋದಾಮು ಇರಲಿಲ್ಲ. ಇವತ್ತಿಗೂ ಇಲ್ಲ. ನಿರ್ದೇಶಕನಾಗಿ ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆದ್ದರಿಂದ ಬರುವ ಮಹಾಸಭೆಯಲ್ಲಿ ನಾನು ಎರಡು ವಿಷಯ ಇಡುತ್ತೇನೆ. ಒಂದು, ಸುಗ್ಗಿಯಲ್ಲಿ ಅಗ್ಗಕ್ಕೆ ಸಿಗುವ ಶೇಂಗಾ ಹೊಟ್ಟು, ಹುರುಳಿ ಹೊಟ್ಟು, ಜೋಳದ ಸಪ್ಪೆಯನ್ನು ಸಂಘವೇ ಕೊಂಡು ಇಡಬೇಕು. ಬೇಸಿಗೆಯಲ್ಲಿ ಸದಸ್ಯರಿಗೆ ಸಾಲವಾಗಿ ಕೊಟ್ಟು, ಮರಿ ಮಾರಿದಾಗ ವಸೂಲು ಮಾಡಬೇಕು. ಎರಡು, ಯಾವ ಕುರಿ ಎಷ್ಟು ಮರಿ ಹಾಕಿತು, ಎಷ್ಟು ಉಳಿಸಿತು ಅಂತ ಪ್ರತಿ ರೊಪ್ಪದಲ್ಲೂ ಒಂದು ಪುಸ್ತಕ ಇರಬೇಕು. ಹೊಸ ತಳಿ ಆಮೇಲೆ ತರೋಣ.

ಹಿರಿಯರು ಕಟ್ಟಿದ ಸಂಘವನ್ನು ಇಲ್ಲಿಯವರೆಗೆ ತಂದಿದ್ದೇವೆ. ಮುಂದಿನ ಬರ ಬರುವ ಮೊದಲು ಗೋದಾಮು ತುಂಬಿರಲಿ ಎಂದು ಹಾರೈಸುತ್ತೇನೆ.