ಆಮೆಗೊಂದು ಕರೆಂಟಿನ ಸೂರ್ಯ

ನಮ್ಮ ಹೊಸಪೇಟೆಯ ಗೆಳೆಯನೊಬ್ಬ ಟೊರಾಂಟೊದಲ್ಲಿದ್ದಾನೆ. ಅಲ್ಲಿನ ಅಂಗಡಿಯಿಂದ ಕೊಂಡ ನೆಲದ ಆಮೆಯೊಂದನ್ನು ಸಾಕಿದ್ದಾನೆ. ಅದರ ಪೆಟ್ಟಿಗೆಗೆ ಎರಡು ದೀಪ. ಒಂದು ಕಾವಿಗೆ, ಇನ್ನೊಂದು ಯುವಿಬಿ ಕಿರಣಕ್ಕೆ. ಫೋಟೋ ತೋರಿಸಿದರೆ ನಮ್ಮಜ್ಜಿ ಕೇಳಿದ್ದು ಒಂದೇ ಮಾತು: "ಆಮಿಗೂ ಕರೆಂಟ್ ಬಿಲ್ ಕಟ್ತಾನೇನೋ ಅವ?"

ಈ ದೀಪ ಹುಟ್ಟಿದ್ದೆಲ್ಲಿ ಅಂತ ಹುಡುಕುತ್ತಾ ಕೂತೆ. (ಟೆಕ್ಕಿಗಳ ಶನಿವಾರಗಳು ಕಳೆಯುವುದೇ ಹೀಗೆ :) ) ಸಿಕ್ಕಿದ್ದು ಆಮೆಯ ಕಥೆಯಲ್ಲ, ಮಕ್ಕಳ ಕಥೆ.

19ನೇ ಶತಮಾನದ ಯುರೋಪಿನ ಕೈಗಾರಿಕಾ ನಗರಗಳು. ಮೇಲೆ ಕಲ್ಲಿದ್ದಲ ಹೊಗೆ, ಕೆಳಗೆ ಬಿಸಿಲೇ ಇಳಿಯದ ಓಣಿಗಳು. ಮಕ್ಕಳ ಎಲುಬು ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುತ್ತಿತ್ತು. ಅದೇ ರಿಕೆಟ್ಸ್. ಜಪಾನಿನಲ್ಲಿ ಮಿಷನರಿ ವೈದ್ಯನಾಗಿದ್ದ ಥಿಯೋಬಾಲ್ಡ್ ಪಾಮ್ ಬೇರೆ ಬೇರೆ ದೇಶಗಳ ಮಿಷನರಿಗಳಿಂದ ಮಾಹಿತಿ ತರಿಸಿಕೊಂಡು ನೋಡಿದ. ಬಡತನ, ಕೊಳಕು ಎಷ್ಟೇ ಇದ್ದರೂ ಬಿಸಿಲು ಚೆನ್ನಾಗಿರುವ ಊರುಗಳಲ್ಲಿ ಈ ರೋಗ ಅಪರೂಪ! ಬಿಸಿಲಿನ ಕೊರತೆಯೇ ಕಾರಣ ಎಂದು 1890ರಲ್ಲೇ ಬರೆದ. ಆಗ ಹೆಚ್ಚು ಜನ ಕಿವಿಗೊಡಲಿಲ್ಲ.

1919ರಲ್ಲಿ ಬರ್ಲಿನ್ನಿನ ಮಕ್ಕಳ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ಪಾದರಸದ ಸ್ಫಟಿಕ ದೀಪದ ಬೆಳಕಿನಿಂದ ರಿಕೆಟ್ಸ್ ವಾಸಿಯಾಗುವುದನ್ನು ತೋರಿಸಿದ. ನನಗೆ ತುಂಬಾ ಹಿಡಿಸಿದ್ದು ಅವನ ಒಂದು ಪ್ರಯೋಗ. ಮಗುವಿನ ಒಂದೇ ತೋಳಿಗೆ ಬೆಳಕು ಬಿಟ್ಟ, ಇನ್ನೊಂದು ತೋಳಿನ ಎಲುಬೂ ಗಟ್ಟಿಯಾಯಿತು. ಅಂದರೆ ಚರ್ಮದಲ್ಲಿ ಏನೋ ತಯಾರಾಗಿ ರಕ್ತದಲ್ಲಿ ಮೈಯೆಲ್ಲಾ ಹರಿಯುತ್ತಿದೆ ಅಂತಾಯ್ತಲ್ಲ! ಡಿಬಗ್ ಮಾಡುವುದೆಂದರೆ ಹೀಗಿರಬೇಕು. 1921ರಲ್ಲಿ ನ್ಯೂಯಾರ್ಕಿನ ಹೆಸ್ ಮತ್ತು ಉಂಗರ್ ದೀಪವನ್ನೂ ಬಿಟ್ಟು ಮಕ್ಕಳನ್ನು ನೇರ ಬಿಸಿಲಿಗೇ ಒಡ್ಡಿದರು. ಅದೂ ಫಲಿಸಿತು. ಆ ‘ಏನೋ’ಗೆ ವಿಟಮಿನ್ ಡಿ ಎಂಬ ಹೆಸರು ಬಂತು. ಅದರ ಬೆನ್ನುಹತ್ತಿದ ವಿಂಡೌಸ್‌ಗೆ 1928ರ ನೊಬೆಲ್.

ಪ್ರಾಣಿಗಳಿಗೂ ಅದೇ ಕಾಯಿಲೆ ಇತ್ತು. ಲಂಡನ್ ಮೃಗಾಲಯದ ಸಿಂಹದ ಮರಿಗಳಿಗೆ ರಿಕೆಟ್ಸ್ ಬಂದಾಗ ಬ್ಲಾಂಡ್-ಸಟನ್ ಎಂಬ ಸರ್ಜನ್ 1889ರಲ್ಲಿ ಮೀನೆಣ್ಣೆ, ಕುಟ್ಟಿದ ಎಲುಬು ತಿನ್ನಿಸಿ ಉಳಿಸಿದ್ದ. 1927ರಲ್ಲಿ ಅಲ್ಲೇ ಹೊಸ ಸರೀಸೃಪ ಭವನ ಕಟ್ಟಿದಾಗ ಅದರ ವಿನ್ಯಾಸ ಮಾಡಿದ ಜೋನ್ ಪ್ರಾಕ್ಟರ್, ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಕಾವು ಕೊಡುವ ವಿದ್ಯುತ್ ವ್ಯವಸ್ಥೆಯನ್ನೂ ಅತಿನೇರಳೆ ಕಿರಣ ಒಳಬಿಡುವ ವಿಶೇಷ ಗಾಜನ್ನೂ ಹಾಕಿಸಿದಳು. ಆಗ ಆಕೆಗೆ ಇನ್ನೂ ಮೂವತ್ತು ವರ್ಷ. ಇಂದಿನ ಆಮೆ ಪೆಟ್ಟಿಗೆಯ ಪೂರ್ತಿ ಐಡಿಯಾ ಅಲ್ಲೇ ಇದೆ.

ಕಾವೂ ಯಾಕೆ ಬೇಕು? ಯುವಿಬಿ ಬಿದ್ದಾಗ ಚರ್ಮದಲ್ಲಿ ತಯಾರಾಗುವುದು ವಿಟಮಿನ್ನಿನ ಹಿಂದಿನ ಹಂತ ಮಾತ್ರ. ಅದು ಡಿ3 ಆಗಿ ಬದಲಾಗಲು ಮೈ ಬೆಚ್ಚಗಿರಬೇಕು. ನಮ್ಮ ಮೈಯಲ್ಲಿ ಒಲೆ ಸದಾ ಉರಿಯುತ್ತಿರುತ್ತದೆ. ಆಮೆ ತನ್ನ ಕಾವನ್ನು ಹೊರಗಿನಿಂದಲೇ ತರಬೇಕು. ತಣ್ಣಗಿದ್ದರೆ ತಿಂದದ್ದೂ ಅರಗುವುದಿಲ್ಲ.

ಈಗ ನಮ್ಮೂರಿಗೆ ಬನ್ನಿ. ಹೊಸಪೇಟೆ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ, ಆಗಸ್ಟ್ ಎರಡನೇ ವಾರ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಹಂಪಿಯಲ್ಲಿ ಹೊಳೆಯ ಆಮೆಗಳು ಬಂಡೆ ಹತ್ತಿ ಮೈ ಕಾಯಿಸುತ್ತವೆ, ಸಾಕಾದರೆ ನೀರಿಗಿಳಿಯುತ್ತವೆ. ಬಿಸಿಲು, ನೆರಳು ಎರಡೂ ಕೈಗೆಟುಕುವಂತಿರುವುದೇ ಅವುಗಳ ಥರ್ಮೋಸ್ಟಾಟ್.

ಇಂಥ ಊರಿನಲ್ಲೇ ಸಂಬಂಧಿಕರೊಬ್ಬರ ಮನೆಯ ಹಾಲಿನಲ್ಲಿ, ಗಾಜಿನ ತೊಟ್ಟಿಯೊಳಗೆ ನೀಲಿ ಎಲ್‌ಇಡಿ ಕೆಳಗೆ ಕೆಂಪು ಕಿವಿಯ ಆಮೆಯೊಂದನ್ನು ನೋಡಿದೆ. ಚಿಪ್ಪು ಒತ್ತಿದರೆ ಬಗ್ಗುತ್ತಿತ್ತು. "ಕಿಟಕಿ ಪಕ್ಕಾನೇ ಇಟ್ಟೀವಲ್ಲ" ಅಂದರು. ಕಿಟಕಿಯ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಎಲ್‌ಇಡಿಯಲ್ಲಿ ಅದು ಇರುವುದೇ ಇಲ್ಲ. ಹಾಗಂತ ತೊಟ್ಟಿಯನ್ನೇ ಎತ್ತಿ ಬಿಸಿಲಿಗಿಟ್ಟೀರಿ ಮತ್ತೆ! ನಮ್ಮ ಏಪ್ರಿಲ್ ಬಿಸಿಲಿಗೆ ಒಳಗಿನ ಜೀವ ಬೆಂದೇ ಹೋಗುತ್ತದೆ. ಅಗಲದ ಟಬ್ಬು, ಬೆಳಗಿನ ಎಳೆಬಿಸಿಲು, ಅರ್ಧ ಭಾಗ ನೆರಳು. ಖರ್ಚಿಲ್ಲ. ದೀಪವೇ ಬೇಕೆಂದರೆ ಆರು ತಿಂಗಳಿಂದ ವರ್ಷದೊಳಗೆ ಬದಲಿಸಬೇಕು. ಬೆಳಕು ಹಾಗೇ ಕಂಡರೂ ಅದರ ಯುವಿಬಿ ಕುಗ್ಗಿರುತ್ತದೆ. ಪಶುವೈದ್ಯರಿಗೂ ತೋರಿಸಿ ಅಂತ ಅವರಿಗೆ ಹೇಳಿ ಬಂದೆ.

ನಕ್ಷತ್ರ ಆಮೆಯ ಮಾತು ಬೇರೆ. ಸಂಡೂರು, ದರೋಜಿ ಕಡೆಯ ಕುರುಚಲು ಕಾಡಿನ ಈ ಆಮೆಯನ್ನು ಅದೃಷ್ಟ ತರುತ್ತದೆಂದು ಹಿಡಿದು ತಂದರೆ ಅದು ಅಪರಾಧ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟಿಸ್ ಒಪ್ಪಂದ ಅತಿ ಕಟ್ಟುನಿಟ್ಟಿನ ತಡೆ ಹಾಕಿತು. ಅದಕ್ಕೂ ಮುಂಚೆ, 2018ರ ನವೆಂಬರಿನಲ್ಲಿ, ಸಿಂಗಾಪುರದಲ್ಲಿ ರಕ್ಷಿಸಲ್ಪಟ್ಟ 51 ನಕ್ಷತ್ರ ಆಮೆಗಳು ವಿಮಾನ ಹತ್ತಿ ಬೆಂಗಳೂರಿಗೆ ವಾಪಸಾದವು, ಮತ್ತೆ ಕಾಡಿಗೆ ಹೋಗುವ ತಯಾರಿಗೆಂದು.