ಮನೆ ಸಂಪರ್ಕದ ಐಪಿ ವಿಳಾಸ

ಅಂತರಜಾಲ ಸೇವಾ ಸಂಸ್ಥೆಯು ಗ್ರಾಹಕರ ಮನೆಯ ರೂಟರ್‌ಗೆ ಕೊಡುವ ಸಂಖ್ಯಾರೂಪದ ಗುರುತು. ಬಹುಪಾಲು ಮನೆಗಳಿಗೆ ಇದು ಕಾಯಂ ಆಸ್ತಿಯಲ್ಲ, ಗಡುವಿನ ಮೇಲೆ ಸಿಗುವ ಎರವಲು.

ಭಾರತದ ಸಂಸ್ಥೆಗಳು ವಿಳಾಸಗಳ ಗುಚ್ಛವನ್ನು ಏಷ್ಯಾ-ಪೆಸಿಫಿಕ್ ವಲಯದ ನೋಂದಣಿ ಸಂಸ್ಥೆ ಏಪ್ನಿಕ್‌ನಿಂದ ಅಥವಾ ದೇಶದ ಐಆರ್‌ಐಎನ್‌ಎನ್‌ನಿಂದ ಪಡೆಯುತ್ತವೆ. ರೂಟರ್‌ಗೆ ವಿಳಾಸ ತಲುಪುವ ದಾರಿ ಮುಖ್ಯವಾಗಿ ಎರಡು: ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳುವ ಪಿಪಿಪಿಒಇ, ಇಲ್ಲವೇ ವಿಳಾಸವನ್ನು ತಾನಾಗಿಯೇ ಎರವಲು ಕೊಡುವ ಡಿಎಚ್‌ಸಿಪಿ. ಡಿಎಚ್‌ಸಿಪಿಯಲ್ಲಿ ಸಾಮಾನ್ಯವಾಗಿ ಎರವಲಿನ ಅವಧಿಯ ಅರ್ಧ ಕಳೆದಾಗಲೇ ರೂಟರ್ ನವೀಕರಣ ಕೇಳುತ್ತದೆ. ಹಾಗಾಗಿ ರೂಟರ್ ಆರಿಸದ ಮನೆಯಲ್ಲಿ ಒಂದೇ ವಿಳಾಸ ತಿಂಗಳುಗಟ್ಟಲೆ ಉಳಿಯುವುದೂ ಉಂಟು.

ತೊಡಕಿರುವುದು ಕೊರತೆಯಲ್ಲಿ. ಐಪಿ 4ನೇ ಆವೃತ್ತಿಯಲ್ಲಿರುವುದು ಸುಮಾರು 429 ಕೋಟಿ ವಿಳಾಸಗಳಷ್ಟೇ. 2011ರ ಏಪ್ರಿಲ್‌ನಲ್ಲೇ ಏಪ್ನಿಕ್ ತನ್ನ ಕೊನೆಯ ದಾಸ್ತಾನಿಗೆ ಇಳಿದು, ಪಡಿತರದಂತೆ ಅಳೆದು ಹಂಚತೊಡಗಿತು. ಒಂದು ಸಾರ್ವಜನಿಕ ವಿಳಾಸದ ಹಿಂದೆ ಹತ್ತಾರು ಮನೆಗಳನ್ನು ಕೂರಿಸುವ ಸಿಜಿನ್ಯಾಟ್ ವ್ಯಾಪಕವಾದದ್ದು ಇದರಿಂದಲೇ. ಇದಕ್ಕೆಂದು 2012ರಲ್ಲಿ 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು ಮೀಸಲಿಡಲಾಯಿತು. ವೀಡಿಯೊ ನೋಡುವವರಿಗೆ ವ್ಯತ್ಯಾಸವೇ ತಿಳಿಯದು. ಆದರೆ ಊರಿಗೆ ಹೋದಾಗ ಮನೆಯ ಸಿಸಿಟಿವಿಯನ್ನು ನೇರವಾಗಿ ನೋಡಬಯಸುವವರಿಗೆ ಇದು ಗೋಡೆ. ಹೊರಗಿನ ಕೋರಿಕೆಯನ್ನು ಒಳಗಿನ ಸಾಧನಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಅನ್ನು ರೂಟರ್‌ನಲ್ಲಿ ಮಾಡಿದರೂ ಫಲವಿಲ್ಲ. ಈ ಗೋಡೆ ದಾಟಲು ಬೇಕಾದ ಸ್ಥಿರ ಸಾರ್ವಜನಿಕ ವಿಳಾಸಕ್ಕೆ ಹಲವು ಸಂಸ್ಥೆಗಳು ಹೆಚ್ಚುವರಿ ಶುಲ್ಕ ಪಡೆಯುತ್ತವೆ.

ನಿಜವಾದ ಪರಿಹಾರ ಐಪಿ 6ನೇ ಆವೃತ್ತಿ. ಇದರಲ್ಲಿ ಮನೆಗೊಂದು ವಿಳಾಸವಲ್ಲ, ಇಡೀ ಗುಚ್ಛವೇ ಸಿಗುವುದರಿಂದ ಪ್ರತಿ ಫೋನ್, ಟಿವಿಗೂ ಸ್ವಂತ ಸಾರ್ವಜನಿಕ ವಿಳಾಸ ಸಾಧ್ಯ. 2016ರಲ್ಲಿ ಸೇವೆ ಆರಂಭಿಸಿದ ಜಿಯೊ ಇದನ್ನು ದೊಡ್ಡ ಪ್ರಮಾಣದಲ್ಲಿ ಅಳವಡಿಸಿಕೊಂಡಿತು.

ತಮ್ಮ ಸಂಪರ್ಕ ಯಾವ ಬಗೆಯದೆಂದು ತಿಳಿಯಲು ರೂಟರ್‌ನಲ್ಲಿ ಹೊರಸಂಪರ್ಕದ ವಿವರ ತೋರಿಸುವ ವ್ಯಾನ್ ಪುಟ ನೋಡಬಹುದು: ಅಲ್ಲಿನ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಆ ಮನೆ ಸಿಜಿನ್ಯಾಟ್ ಹಿಂದಿದೆ.