ಪರದೆಗೆ ಪರಿಮಳ ಬಾರದೇಕೆ?

‘ಚಿನ್ನಕ್ಕೆ ಪರಿಮಳ ಬಂದಂತೆ’ ಎಂಬ ಮಾತು ನಮ್ಮಲ್ಲಿದೆ. ಇರುವ ಹೆಚ್ಚುಗಾರಿಕೆಯ ಜೊತೆ ಇನ್ನೊಂದು ಕೂಡಿಕೊಂಡಾಗ ಹೀಗೆನ್ನುತ್ತೇವೆ. ಚಿನ್ನಕ್ಕೆ ಪರಿಮಳ ಬರುವುದಿಲ್ಲ ಎಂಬ ಅರಿವೂ ಆ ಮಾತಿನೊಳಗೇ ಅಡಗಿದೆ. ಚಲನಚಿತ್ರದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಮೂಕಿಯಾಗಿ ಹುಟ್ಟಿದ ಅದಕ್ಕೆ ಮಾತು ಬಂತು, ಬಣ್ಣ ಬಂತು. ಪರಿಮಳ ಮಾತ್ರ ಬರಲಿಲ್ಲ. ಯಾರೂ ಪ್ರಯತ್ನಿಸಲಿಲ್ಲವೆಂದಲ್ಲ, ಪ್ರಯತ್ನಿಸಿದವರೆಲ್ಲ ಸೋತರು.

1950ರ ದಶಕದಲ್ಲಿ ಅಮೆರಿಕದ ಮನೆಮನೆಗೂ ಟಿ.ವಿ. ಬಂದಾಗ ಚಿತ್ರಮಂದಿರಗಳು ಬಣಗುಟ್ಟತೊಡಗಿದವು. ಮನೆಯಲ್ಲಿ ಸಿಗದ ಏನನ್ನಾದರೂ ಕೊಟ್ಟು ಪ್ರೇಕ್ಷಕರನ್ನು ಮರಳಿ ಕರೆತರಬೇಕಿತ್ತು. ಪರದೆ ಅಗಲವಾಯಿತು. ಕನ್ನಡಕ ತೊಡಿಸಿ ಮೂರು ಆಯಾಮದ ಚಿತ್ರ ತೋರಿಸಿದ್ದಾಯಿತು. ಕೊನೆಗೆ ನಿರ್ಮಾಪಕರ ಕಣ್ಣು ಪ್ರೇಕ್ಷಕರ ಮೂಗಿನ ಮೇಲೆ ಬಿತ್ತು!

1959ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ‘ಬಿಹೈಂಡ್ ದಿ ಗ್ರೇಟ್ ವಾಲ್’ ಎಂಬ ಚಿತ್ರ ತೆರೆಕಂಡಿತು. ಚೀನಾ ದೇಶವನ್ನು ಕುರಿತ ಈ ಸಾಕ್ಷ್ಯಚಿತ್ರಕ್ಕೆ ‘ಆರೋಮಾರಾಮ’ ಎಂಬ ಏರ್ಪಾಡನ್ನು ಜೋಡಿಸಿದ್ದರು. ದೃಶ್ಯಕ್ಕೆ ತಕ್ಕ ವಾಸನೆಯನ್ನು ಚಿತ್ರಮಂದಿರದ ಹವಾನಿಯಂತ್ರಣದ ಮೂಲಕವೇ ಹರಿಯಬಿಡುವುದು ಇದರ ವಿಧಾನ. ಮರು ತಿಂಗಳೇ, 1960ರ ಜನವರಿಯಲ್ಲಿ, ಷಿಕಾಗೋದಲ್ಲಿ ಎದುರಾಳಿ ಬಂದಿತು. ಮೈಕ್ ಟಾಡ್ ಜೂನಿಯರ್ ನಿರ್ಮಿಸಿದ ಆ ಚಿತ್ರದ ಹೆಸರು ‘ಸೆಂಟ್ ಆಫ್ ಮಿಸ್ಟರಿ’. ಇದರ ‘ಸ್ಮೆಲ್-ಓ-ವಿಷನ್’ ಯಂತ್ರವನ್ನು ರೂಪಿಸಿದವರು ಸ್ವಿಟ್ಜರ್‌ಲ್ಯಾಂಡ್ ಮೂಲದ ಹಾನ್ಸ್ ಲೌಬೆ. ಇಲ್ಲಿ ಒಂದೊಂದು ಆಸನದ ಬಳಿಗೂ ಸಣ್ಣ ಕೊಳವೆ. ಚಿತ್ರದ ಸುರುಳಿಯಿಂದ ಬಂದ ಸಂಕೇತಕ್ಕೆ ತಕ್ಕಂತೆ ಯಂತ್ರವು ಒಂದೊಂದೇ ವಾಸನೆಯನ್ನು ಆ ಕೊಳವೆಗಳಿಗೆ ತಳ್ಳುತ್ತಿತ್ತು. ಕಥೆಯಲ್ಲೂ ವಾಸನೆಗೆ ಪಾತ್ರವಿತ್ತು. ಕೊಲೆಗಾರ ಯಾರೆಂಬ ಸುಳಿವು ಪ್ರೇಕ್ಷಕರಿಗೆ ಸಿಗುತ್ತಿದ್ದದ್ದು ಅವನು ಸೇದುವ ತಂಬಾಕಿನ ವಾಸನೆಯಿಂದ.

ಎಣಿಸಿದ್ದೊಂದು, ಆದದ್ದೊಂದು. ಯಂತ್ರದ ಬುಸುಗುಟ್ಟುವ ಸದ್ದು ಕಿವಿಗೆ ಬೀಳುತ್ತಿತ್ತು. ಬಾಲ್ಕನಿಯಲ್ಲಿ ಕುಳಿತವರಿಗೆ ವಾಸನೆ ತಡವಾಗಿ ತಲಪುತ್ತಿತ್ತು; ಅಷ್ಟರಲ್ಲಿ ದೃಶ್ಯವೇ ಬದಲಾಗಿರುತ್ತಿತ್ತು. ವಾಸನೆ ಸಾಲದೆಂದು ಕೆಲವರು ಜೋರಾಗಿ ಮೂಗೆಳೆಯುವುದು ಪಕ್ಕದವರಿಗೆ ಕಿರಿಕಿರಿ. ಯಂತ್ರವನ್ನು ಆಮೇಲೆ ತಿದ್ದಿದರಾದರೂ ಹೊತ್ತು ಮೀರಿತ್ತು. ಕೊನೆಗೆ ಈ ಚಿತ್ರ ‘ಹಾಲಿಡೇ ಇನ್ ಸ್ಪೇನ್’ ಎಂಬ ಹೊಸ ಹೆಸರಿನಲ್ಲಿ, ವಾಸನೆಯೇ ಇಲ್ಲದೆ ಮತ್ತೆ ತೆರೆಗೆ ಬಂದಿತು.

ಇಷ್ಟಕ್ಕೇ ಆಸೆ ಸಾಯಲಿಲ್ಲ. 1981ರಲ್ಲಿ ಜಾನ್ ವಾಟರ್ಸ್ ಎಂಬ ನಿರ್ದೇಶಕ ತನ್ನ ‘ಪಾಲಿಯೆಸ್ಟರ್’ ಚಿತ್ರ ನೋಡಲು ಬಂದವರ ಕೈಗೆ ಒಂದೊಂದು ಚೀಟಿ ಕೊಟ್ಟ. ಪರದೆಯ ಮೇಲೆ ಅಂಕೆ ಮೂಡಿದಾಗ ಚೀಟಿಯಲ್ಲಿ ಅದೇ ಅಂಕೆಯನ್ನು ಕೆರೆದು ಮೂಸಬೇಕು. ಹಿಂದಿನವರ ಸಾಹಸವನ್ನು ಅಣಕಿಸುವುದೇ ಅವನ ಉದ್ದೇಶ. ಗುಲಾಬಿಯ ಜೊತೆಗೆ ಕೊಳಕು ಬೂಟಿನ ನಾತವನ್ನೂ ಸೇರಿಸಿದ್ದ!

ಆಮೇಲೆ ಬಂದಿತು ಗಣಕಯಂತ್ರದ ಯುಗ. ಚಿತ್ರ, ಶಬ್ದ, ಅಕ್ಷರ ಎಲ್ಲವೂ ಅಂಕೆಗಳಾಗಿ ತಂತಿಯಲ್ಲಿ ಹರಿಯುವಾಗ ವಾಸನೆಯೇಕೆ ಹರಿಯಬಾರದು? ಈ ಪ್ರಶ್ನೆ ಹಿಡಿದು ಕ್ಯಾಲಿಫೋರ್ನಿಯಾದಲ್ಲಿ ‘ಡಿಜಿಸೆಂಟ್ಸ್’ ಎಂಬ ಕಂಪೆನಿ ಹೊರಟಿತು. 1999ರಲ್ಲಿ ಅದು ಪ್ರಕಟಿಸಿದ ಯಂತ್ರದ ಹೆಸರು ‘ಐಸ್ಮೆಲ್’. ಕಂಪ್ಯೂಟರಿನ ಪಕ್ಕದಲ್ಲಿಡುವ ಪುಟ್ಟ ಪೆಟ್ಟಿಗೆ. ಒಳಗೆ ಹಲವು ಮೂಲವಾಸನೆಗಳು. ಬಂದ ಆಣತಿಯಂತೆ ಅವನ್ನು ಬೆರೆಸಿ ಹೊರಬಿಡುವುದು ಅದರ ಕೆಲಸ. ಪತ್ರಿಕೆಗಳು ಹೊಗಳಿದವು, ಬಂಡವಾಳ ಹರಿದುಬಂತು. ಆದರೆ ಯಂತ್ರ ಅಂಗಡಿಗೆ ಬರುವ ಮೊದಲೇ, 2001ರಲ್ಲಿ, ಕಂಪೆನಿ ಬಾಗಿಲು ಮುಚ್ಚಿತು.

ಕಣ್ಣು ಕಿವಿಗಳಿಗೆ ಸಾಧ್ಯವಾದದ್ದು ಮೂಗಿಗೇಕೆ ಆಗದು? ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಜೀವಕೋಶಗಳು ಮೂರೇ ಬಗೆ. ಆದ್ದರಿಂದ ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸಿದರೆ ಟಿ.ವಿ.ಗೆ ಬೇಕಾದ ಬಣ್ಣಗಳೆಲ್ಲ ಹೆಚ್ಚುಕಡಿಮೆ ಸಿಕ್ಕಿಬಿಡುತ್ತವೆ. ಮೂಗಿನ ಲೆಕ್ಕವೇ ಬೇರೆ. ವಾಸನೆ ಹಿಡಿಯುವ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪತ್ತೆಹಚ್ಚಿದರು. 2004ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಮನುಷ್ಯನಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆ. ಒಂದು ಅಣು ಹಲವು ಗ್ರಾಹಕಗಳನ್ನು ತಟ್ಟುತ್ತದೆ, ಒಂದು ಗ್ರಾಹಕ ಹಲವು ಅಣುಗಳಿಗೆ ಓಗೊಡುತ್ತದೆ. ಬೆಳಗಿನ ಕಾಫಿಯ ಘಮದಲ್ಲೇ ನೂರಾರು ಬಗೆಯ ಅಣುಗಳು ಕೂಡಿವೆ. ಮೂರು ಬಣ್ಣದ ಸೂತ್ರ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಬೆಳಕು ಆರಿದೊಡನೆ ಚಿತ್ರ ಇಲ್ಲ, ಕಂಪನ ನಿಂತೊಡನೆ ಶಬ್ದ ಇಲ್ಲ. ವಾಸನೆ ಹಾಗಲ್ಲ, ಅದು ವಸ್ತು. ಹೂವಿನಿಂದ ಹೊರಟ ಅಣುವೇ ಗಾಳಿಯಲ್ಲಿ ತೇಲಿ ಬಂದು ನಮ್ಮ ಮೂಗನ್ನು ಮುಟ್ಟಬೇಕು. ಒಮ್ಮೆ ಬಿಟ್ಟರೆ ಹಿಂದಕ್ಕೆ ಕರೆಯುವಂತಿಲ್ಲ. ಗುಲಾಬಿಯ ಮೇಲೆ ತಂಬಾಕು, ತಂಬಾಕಿನ ಮೇಲೆ ಸಮುದ್ರದ ಗಾಳಿ ಕೂಡಿಕೊಂಡು ಎಲ್ಲವೂ ಕಲಸುಮೇಲೋಗರ. ತಂತಿಯಲ್ಲಿ ಹೋಗುವುದು ವಾಸನೆಯಲ್ಲ, ಅದರ ಅಡುಗೆಯ ವಿಧಾನ ಮಾತ್ರ. ಸಾಮಾನು ಆ ತುದಿಯ ಪೆಟ್ಟಿಗೆಯಲ್ಲಿ ಮೊದಲೇ ಇರಬೇಕು. ಅಣುವಿನ ರಚನೆಯನ್ನು ನೋಡಿ ಅದರ ವಾಸನೆ ಹೇಗಿರಬಹುದೆಂದು ಊಹಿಸಲು ವಿಜ್ಞಾನಿಗಳು ಈಗ ಕಂಪ್ಯೂಟರಿಗೆ ಕಲಿಸಿದ್ದಾರೆ. ಆದರೂ ಅದನ್ನು ಮೂಗಿನ ತನಕ ಒಯ್ಯುವ ಹೊಣೆ ಹಾಗೆಯೇ ಉಳಿದಿದೆ.

ಇದೆಲ್ಲ ಬರೀ ಮೋಜಿನ ಮಾತೆಂದು ತಳ್ಳಿಹಾಕಬೇಡಿ. ವಾಸನೆಯ ಸುದ್ದಿ ಮಿದುಳಿನಲ್ಲಿ ನೆನಪು ಮತ್ತು ಭಾವನೆಗಳ ಕೇಂದ್ರಗಳಿಗೆ ತೀರ ಹತ್ತಿರದ ದಾರಿಯಲ್ಲಿ ಸಾಗುತ್ತದೆ. ಹಳೆಯ ಟ್ರಂಕು ತೆರೆದಾಗ ಬರುವ ನುಸಿಗುಳಿಗೆಯ ವಾಸನೆ ಅಜ್ಜಿಯನ್ನು ಕಣ್ಣ ಮುಂದೆ ನಿಲ್ಲಿಸುವುದು ಇದರಿಂದಲೇ. 2020ರಿಂದೀಚೆಗೆ ಕೋವಿಡ್ ಬಂದು ಮೂಗು ಕಳೆದುಕೊಂಡವರನ್ನು ಕೇಳಿ: ಒಗ್ಗರಣೆಯ ಘಮವಿಲ್ಲದ ಅಡುಗೆಮನೆ ತಮ್ಮದೆಂದೇ ಅನ್ನಿಸಲಿಲ್ಲ ಎಂದವರುಂಟು.

ಮದುವೆಯ ಮನೆಯನ್ನು ನಾವು ತಾಸುಗಟ್ಟಲೆ ವಿಡಿಯೊದಲ್ಲಿ ಹಿಡಿದಿಡುತ್ತೇವೆ. ಓಲಗ ಕೇಳುತ್ತದೆ, ರೇಷ್ಮೆ ಸೀರೆ ಮಿನುಗುತ್ತದೆ. ಹೋಮದ ಹೊಗೆಗೆ, ಬಾಳೆಲೆಯ ಮೇಲಿನ ಬಿಸಿ ಸಾರಿಗೆ ವಾಸನೆಯಿಲ್ಲ. ಮುಂದಿನ ತಲೆಮಾರಿಗೆ ನಾವು ಬಿಟ್ಟುಹೋಗುವ ದಾಖಲೆಯಲ್ಲಿ ನಮ್ಮ ಕಾಲದ ಒಂದು ಇಂದ್ರಿಯವೇ ಕಾಣೆ. ಮಲ್ಲಿಗೆಯ ಚಿತ್ರವನ್ನು ಕ್ಷಣದಲ್ಲಿ ಕಡಲಾಚೆಗೆ ಕಳುಹಿಸಬಹುದು. ಘಮ ಬೇಕೆಂದರೆ ಮಾತ್ರ ಇವತ್ತಿಗೂ ಮೊಳ ಹೂವನ್ನೇ ಕೊಂಡು ತರಬೇಕು.